ಪಾಪ್‌ಅಪ್ ಕ್ಯಾಂಪರ್ ತಗೊಂಡು ಸ್ಟೇಟ್ ಪಾರ್ಕಲ್ಲಿ ಉಳ್ಕೊಳ್ಳೋದು: ಬುಕಿಂಗ್‌ನಿಂದ ಹಿಡಿದು ವಾಪಸ್ ಮಡಚೋವರೆಗೂ, ಯಾವುದಾದ್ಮೇಲೆ ಯಾವುದು

ಆಸ್ಟಿನ್ ಸುತ್ತಮುತ್ತ ಇರೋ ನಮ್ಮವರಲ್ಲಿ ಪಾಪ್‌ಅಪ್ ಕ್ಯಾಂಪರ್ (ಕಾರಿನ ಹಿಂದೆ ಎಳ್ಕೊಂಡು ಹೋಗಿ, ನಿಲ್ಲಿಸಿದ್ಮೇಲೆ ರೂಫ್ ಎತ್ತಿ ಬಿಚ್ಚೋ ಬಟ್ಟೆ ಗೋಡೆಯ ಟ್ರೈಲರ್) ಬಾಡಿಗೆಗೆ ತಗೊಳ್ಳೋರು, ಸೆಕೆಂಡ್ ಹ್ಯಾಂಡ್ ಕೊಂಡ್ಕೊಳ್ಳೋರು ಬೇಕಾದಷ್ಟು ಜನ ಇದಾರೆ, ಆದ್ರೆ ಲಾಂಗ್ ವೀಕೆಂಡ್ ಮುಗಿಸ್ಕೊಂಡು ಬಂದ್ಮೇಲೆ ಎಲ್ಲರ ಬಾಯಲ್ಲೂ ಅದೇ ದೂರು. ಬಾಗಿಲು ಹಾಕಕ್ಕೆ ಆಗ್ಲಿಲ್ಲ, ಎಸಿ ಓಡ್ತಿದ್ದಾಗ ಇಂಡಕ್ಷನ್ನು ಕೆಟಲ್ಲು ಒಟ್ಟಿಗೆ ಹಚ್ಚಿದ ತಕ್ಷಣ ಕರೆಂಟ್ ಹೋಯ್ತು, ರಾತ್ರಿ ಮಳೆ ಬಂದು ಹಾಸಿಗೆ ಒದ್ದೆ ಆಯ್ತು, ಮುಂದಿನ ಸಲ ತೆಗೆದು ನೋಡಿದ್ರೆ ಬಟ್ಟೆ ತುಂಬಾ ಬೂಷ್ಟು. ಇದ್ರಲ್ಲಿ ಮುಕ್ಕಾಲು ಪಾಲು ಕ್ಯಾಂಪರ್ ಕೆಟ್ಟಿದ್ದಕ್ಕೆ ಆಗಿದ್ದಲ್ಲ, ಕೆಲಸ ಹಿಂದುಮುಂದಾಗಿ ಮಾಡಿದ್ದಕ್ಕೆ ಆಗಿದ್ದು. ಅದಕ್ಕೇ ಇಲ್ಲಿ ಕ್ರಮದ ಬಗ್ಗೆನೇ ಜಾಸ್ತಿ ಬರ್ದಿದೀನಿ.

ಉದಾಹರಣೆಗೆ ಮೆಕಿನಿ ಫಾಲ್ಸ್ ಸ್ಟೇಟ್ ಪಾರ್ಕ್ ಇಟ್ಕೊಳ್ತೀನಿ. ಆಸ್ಟಿನ್ ಊರೊಳಗೇ ಇದೆ, ಕ್ಯಾಪಿಟಲ್ ಬಿಲ್ಡಿಂಗ್‌ನಿಂದ ಸುಮಾರು 13 ಮೈಲಿ, 81 ಕ್ಯಾಂಪ್‌ಸೈಟ್‌ಗಳಲ್ಲಿ ನೀರು ಕರೆಂಟ್ ಎರಡೂ ಕೊಡ್ತಾರೆ. ಮೊದಲನೇ ಸಲ ಹೋಗೋರಿಗೆ ಹೀಗೆ ಮನೆ ಹತ್ರ ಇರೋ ಜಾಗನೇ ಸರಿ, ಯಾವುದೋ ಒಂದು ಪಿನ್ ಮರೆತ್ರೆ ಅರ್ಧ ಗಂಟೇಲಿ ಹೋಗಿ ತರಬಹುದು, ಮಕ್ಕಳಿಗೆ ಜ್ವರ ಬಂದ್ರೆ ರಾತ್ರಿನೇ ಮನೆಗೆ ಹೋಗ್ಬಿಡಬಹುದು. ಬೇರೆ ಊರಲ್ಲಿರೋರು ನಿಮ್ಮ ಹತ್ರದ ಪಾರ್ಕ್‌ಗೆ ಇದನ್ನೇ ಹೊಂದಿಸ್ಕೊಳ್ಳಿ.

## 1. ಕ್ಯಾಂಪರ್ ನೋಡೋ ಮೊದಲು ಕಾರಿನ ಬಾಗಿಲು ನೋಡಿ

ಎಲ್ರೂ ಟೋಯಿಂಗ್ ಕೆಪಾಸಿಟಿ, ಅಂದ್ರೆ ಕಾರು ಎಷ್ಟು ತೂಕ ಎಳೀಬಹುದು ಅನ್ನೋದೊಂದನ್ನೇ ನೋಡ್ತಾರೆ. ಹೋಂಡಾ ಸಿಆರ್‌ವಿ ಪೆಟ್ರೋಲ್ ಮಾಡಲ್‌ಗೆ 1,500 ಪೌಂಡ್, ಒಡಿಸ್ಸಿಗೆ 3,500 ಪೌಂಡ್ ಅಂತ ಇರತ್ತೆ. ಪಾಪ್‌ಅಪ್‌ಗಳು ಖಾಲಿ ಇದ್ದಾಗ್ಲೇ ಸುಮಾರಾಗಿ 1,500ರಿಂದ 3,500 ಪೌಂಡ್ ತೂಗ್ತವೆ, ಹಾಗಾಗಿ ಸಿಆರ್‌ವಿಗೆ ತುಂಬಾ ಚಿಕ್ಕವು ಬಿಟ್ರೆ ಯಾವುದೂ ಆಗಲ್ಲ. ಮಾರೋರು ಹೇಳೋ ಖಾಲಿ ತೂಕ ನಂಬ್ಕೋಬೇಡಿ, ಕ್ಯಾಂಪರ್ ಮೇಲಿರೋ ಸ್ಟಿಕ್ಕರಲ್ಲಿ ಜಿವಿಡಬ್ಲ್ಯುಆರ್ ಅಂತ ಇರತ್ತಲ್ಲ, ಸಾಮಾನು ಸೇರಿ ಗರಿಷ್ಠ ತೂಕ ಅದು, ಲೆಕ್ಕಕ್ಕೆ ಅದನ್ನೇ ತಗೊಳ್ಳಿ.

ಆದ್ರೆ ನಮ್ಮ ಮನೆಗಳಲ್ಲಿ ನಿಜವಾಗ್ಲೂ ಮೀರೋದು ಪೇಲೋಡ್. ಡ್ರೈವರ್ ಬಾಗಿಲು ತೆಗೆದ್ರೆ ಕಂಬದ ಮೇಲೆ ಇನ್ನೊಂದು ಸ್ಟಿಕ್ಕರ್ ಇರತ್ತೆ, ಜನ ಮತ್ತೆ ಸಾಮಾನು ಸೇರಿ ಎಷ್ಟು ತೂಕ ದಾಟಬಾರದು ಅಂತ. ಅದು 1,300 ಪೌಂಡ್ ಇದೆ ಅಂದ್ಕೊಳ್ಳಿ. ಅಪ್ಪ ಅಮ್ಮ ಊರಿಂದ ಬಂದಿದಾರೆ, ನೀವಿಬ್ರು, ಮಕ್ಕಳಿಬ್ರು, ಆರು ಜನ ಸೇರಿ 850. ಹಿಂದೆ ಕೂಲರ್, ಬ್ಯಾಗು, ಅಕ್ಕಿ ಬೇಳೆ ಅಂತ 200. ಟ್ರೈಲರ್‌ನ ತೂಕದಲ್ಲಿ 10ರಿಂದ 15 ಪರ್ಸೆಂಟ್ ಹಿಚ್ (ಕಾರಿನ ಹಿಂದೆ ಟ್ರೈಲರ್ ಸಿಗಿಸೋ ಕೊಂಡಿ) ಮೇಲೆ ಕೂತ್ಕೊಳ್ಳತ್ತೆ, ಅದಕ್ಕೆ ಟಂಗ್ ವೆಯ್ಟ್ ಅಂತಾರೆ, 2,500 ಪೌಂಡಿನ ಕ್ಯಾಂಪರ್‌ಗೆ 300 ಅಂತಿಟ್ಕೊಂಡ್ರೂ ಒಟ್ಟು 1,350 ಆಯ್ತು. ಟೋಯಿಂಗ್ ಕೆಪಾಸಿಟಿ ಒಳಗೇ ಇದ್ದು ಪೇಲೋಡ್ ದಾಟಿದೀರಿ. ಇಂಥ ಕಡೆ ಎರಡು ಕಾರಲ್ಲಿ ಹೋಗಿ, ಬೇರೆ ದಾರಿ ಇಲ್ಲ.

ಬಾಡಿಗೆ ಕಾರಲ್ಲಿ ಎಳ್ಕೊಂಡು ಹೋಗೋ ಯೋಚನೆ ಇದ್ರೆ ಬಿಟ್ಬಿಡಿ, ಸಾಮಾನ್ಯವಾಗಿ ಕಾರ್ ರೆಂಟಲ್ ಅಗ್ರಿಮೆಂಟಲ್ಲಿ ಟೋಯಿಂಗ್ ಮಾಡಬಾರದು ಅಂತಾನೇ ಇರತ್ತೆ. ಕಾರಿಲ್ಲದಿದ್ರೆ ಕ್ಯಾಂಪರ್ ಬಾಡಿಗೆಗೆ ಕೊಡೋರಲ್ಲಿ ಕೆಲವರು ಅವರೇ ತಂದು ಸೈಟಲ್ಲಿ ನಿಲ್ಲಿಸಿ ಹೋಗ್ತಾರೆ, ಕೇಳಿ ನೋಡಿ.

## 2. ಸೈಟ್ ಬುಕ್ ಮಾಡೋವಾಗ

ಟೆಕ್ಸಸ್ ಸ್ಟೇಟ್ ಪಾರ್ಕ್‌ಗಳಲ್ಲಿ 5 ತಿಂಗಳು ಮುಂಚೆಯಿಂದ ಕ್ಯಾಂಪ್‌ಸೈಟ್ ಬುಕ್ ಮಾಡಬಹುದು, ಊರಿಗೆ ಹತ್ರ ಇರೋ ಪಾರ್ಕ್‌ಗಳಲ್ಲಿ ಶುಕ್ರವಾರ ಶನಿವಾರ ಮೊದ್ಲೇ ತುಂಬೋಗ್ತವೆ. ಭಾನುವಾರದಿಂದ ಗುರುವಾರದ ಮಧ್ಯೆ ರಜೆ ಹಾಕಕ್ಕಾದ್ರೆ ಆರಾಮಾಗಿ ಸಿಗತ್ತೆ. ಸೈಟ್ ಬಾಡಿಗೆ ಬೇರೆ, ದೊಡ್ಡವರಿಗೆ ದಿನದ ಎಂಟ್ರಿ ಫೀ ಬೇರೆ, ಇದನ್ನ ಗೇಟಲ್ಲಿ ಕೇಳಿದಾಗ ಗಾಬರಿ ಆಗ್ಬೇಡಿ. ಒಂದು ಸೈಟಿಗೆ 8 ಜನ ಮಾತ್ರ. ಎರಡು ಮನೆಯವರು ಸೇರಿ ಹೋಗೋದಾದ್ರೆ ಎರಡು ಸೈಟ್ ತಗೊಳ್ಳಿ.

ಸೈಟ್ ವಿವರದಲ್ಲಿ ಮೂರು ವಿಷಯ ನೋಡಿ: ಟ್ರೈಲರ್ ಬಿಡ್ತಾರಾ ಬರೀ ಟೆಂಟಾ, 30 ಆಂಪ್ ಕರೆಂಟ್ ಇದೆಯಾ, ಉದ್ದ ಎಷ್ಟು. ಮಡಚಿದಾಗ ಇರೋ ಉದ್ದ ಅಲ್ಲ, ಹಿಂದೆ ಮುಂದೆ ಎರಡೂ ಹಾಸಿಗೆ ಎಳೆದ್ಮೇಲೆ ಆಗೋ ಉದ್ದ ಲೆಕ್ಕಕ್ಕೆ ತಗೊಳ್ಳಿ, ಜೊತೆಗೆ ಕಾರು ಬೇರೆ ನಿಲ್ಲಬೇಕು. ಮುಂದೆ ದೂರದ ಟ್ರಿಪ್ ಯೋಚಿಸೋರಿಗೆ ಇನ್ನೊಂದು ಮಾತು, ಕರಡಿ ಓಡಾಡೋ ಕೆಲವು ಕಡೆ ಬಟ್ಟೆ ಗೋಡೆ ಇರೋ ಕ್ಯಾಂಪರ್ ಬಿಡಲ್ಲ, ಯೆಲ್ಲೋಸ್ಟೋನ್‌ನ ಫಿಶಿಂಗ್ ಬ್ರಿಡ್ಜ್‌ನಲ್ಲಿ ಪಾಪ್‌ಅಪ್‌ಗೆ ಪ್ರವೇಶನೇ ಇಲ್ಲ.

ಕಾಲದ ಬಗ್ಗೆ ನನ್ನ ಅಭಿಪ್ರಾಯ ಅಕ್ಟೋಬರ್, ನವೆಂಬರ್ ಎಲ್ಲಕ್ಕಿಂತ ಒಳ್ಳೇದು. ಜುಲೈ ಆಗಸ್ಟಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿಗೆ ಬಟ್ಟೆ ಗೋಡೆಯೊಳಗೆ ಎಸಿ ಎಷ್ಟು ಓಡಿದ್ರೂ ಸಾಕಾಗಲ್ಲ, ವಯಸ್ಸಾದವ್ರನ್ನ ಕರ್ಕೊಂಡು ಹೋಗ್ಲೇಬೇಡಿ.

## 3. ಬೇಕಾಗೋ ಸಾಮಾನು

ವ್ಹೀಲ್ ಚಾಕ್ (ಚಕ್ರ ಉರುಳದಂಗೆ ಒತ್ತಿ ಇಡೋ ಬೆಣೆ) ಎರಡು ಜೊತೆ, ಚಕ್ರದ ಕೆಳಗೆ ಇಡೋ ಲೆವೆಲಿಂಗ್ ಬ್ಲಾಕು, ಚಿಕ್ಕ ಬಬಲ್ ಲೆವೆಲ್, ರೂಫ್ ಎತ್ತಕ್ಕೆ ತಿರುಗಿಸೋ ಕ್ರ್ಯಾಂಕ್ ಹ್ಯಾಂಡಲ್, ಟೈರ್ ಪ್ರೆಷರ್ ಗೇಜ್, 30 ಆಂಪ್ ಸರ್ಜ್ ಪ್ರೊಟೆಕ್ಟರ್, ಹೊರಗಡೆಗೆ ಅಂತಾನೇ ಇರೋ 12 ಗೇಜ್ ಎಕ್ಸ್‌ಟೆನ್ಷನ್ ಕಾರ್ಡ್, ಕುಡಿಯೋ ನೀರಿಗೆ ಅಂತ ಬರೋ ಹೋಸು, ನೀರಿನ ಪ್ರೆಷರ್ ರೆಗ್ಯುಲೇಟರ್, ಬಚ್ಚಲ ನೀರು ಹಿಡಿಯಕ್ಕೆ ಮುಚ್ಚಳ ಇರೋ ಟ್ಯಾಂಕು, ಹಳೇ ಟವೆಲ್ ನಾಲ್ಕೈದು, ತಲೆಗೆ ಕಟ್ಕೊಳ್ಳೋ ಟಾರ್ಚು.

ಮಾಮೂಲಿ ಗಾರ್ಡನ್ ಹೋಸ್ ಕುಡಿಯೋ ನೀರಿಗೆ ಹಾಕ್ಬೇಡಿ. ಕ್ರ್ಯಾಂಕ್ ಹ್ಯಾಂಡಲ್ ಕ್ಯಾಂಪರ್ ಒಳಗಿಟ್ಟು ಮೇಲಿಂದ ರೂಫ್ ಮುಚ್ಚಿದ್ರೆ ಆಮೇಲೆ ಅದನ್ನ ತೆಗೆಯಕ್ಕೆ ಆಗಲ್ಲ, ಅದರ ಜಾಗ ಯಾವಾಗ್ಲೂ ಕಾರಲ್ಲಿ.

## 4. ಮನೆ ಮುಂದೆ ಹಿಚ್ ಮಾಡೋದು

ಕಾರಿನ ಹಿಚ್ ಬಾಲ್ ಮೇಲೆ ಕೂರೋ ಟ್ರೈಲರ್‌ನ ಕಪ್ಲರ್ ಮೇಲೆ ಬಾಲ್ ಸೈಜ್ ಅಚ್ಚು ಹಾಕಿರತ್ತೆ, 1 7/8 ಇಂಚಾ 2 ಇಂಚಾ ಅಂತ. ಎರಡು ಇಂಚಿನ ಕಪ್ಲರ್ ಚಿಕ್ಕ ಬಾಲ್ ಮೇಲೂ ಕೂತಂಗೇ ಕಾಣತ್ತೆ, ಲಾಕ್ ಕೂಡ ಆಗತ್ತೆ, ಮೊದಲನೇ ದೊಡ್ಡ ಗುಂಡಿ ಬಂದಾಗ ಎಗರಿ ಆಚೆ ಬರತ್ತೆ. ಅದಕ್ಕೇ ಲಾಕ್ ಹಾಕಿದ್ಮೇಲೆ ಟಂಗ್ ಜ್ಯಾಕ್ (ಟ್ರೈಲರ್‌ನ ಮೂತಿ ಎತ್ತಿ ಇಳಿಸೋ ಜ್ಯಾಕ್) ತಿರುಗಿಸಿ ಮೇಲೆತ್ತಿ ನೋಡಿ, ಕಾರಿನ ಹಿಂಭಾಗವೂ ಜೊತೆಗೆ ಎದ್ರೆ ಸರಿಯಾಗಿ ಕೂತಿದೆ ಅಂತ. ಆಮೇಲೆ ಜ್ಯಾಕ್ ಪೂರ್ತಿ ಮೇಲೆ. ಸೇಫ್ಟಿ ಚೈನ್ ಎರಡನ್ನೂ ಕಪ್ಲರ್ ಕೆಳಗೆ ಅಡ್ಡಡ್ಡ ಹಾಕಿ, ಕಳಚ್ಕೊಂಡ್ರೂ ಟಂಗು ರೋಡಿಗೆ ಬೀಳದೆ ಚೈನ್ ಮೇಲೆ ನಿಲ್ಲತ್ತೆ. ಎಲೆಕ್ಟ್ರಿಕ್ ಬ್ರೇಕ್ ಇರೋ ಕ್ಯಾಂಪರ್‌ಗೆ ಕಾರಲ್ಲಿ 7 ಪಿನ್ ಕನೆಕ್ಟರ್ ಮತ್ತೆ ಬ್ರೇಕ್ ಕಂಟ್ರೋಲರ್ ಬೇಕು, ಬರೀ 4 ಪಿನ್ ಇದ್ರೆ ಲೈಟ್ ಹತ್ತತ್ತೆ, ಬ್ರೇಕ್ ಹಿಡಿಯಲ್ಲ.

ಟೈರ್ ಪಕ್ಕದಲ್ಲಿ ಡಾಟ್ ನಂಬರ್ ಕೊನೇಲಿ ನಾಲ್ಕು ಅಂಕಿ ಇರತ್ತೆ, 2319 ಅಂದ್ರೆ 2019ರ 23ನೇ ವಾರದಲ್ಲಿ ತಯಾರಾಗಿದ್ದು. ವರ್ಷಗಟ್ಟಲೆ ಬಿಸಿಲಲ್ಲಿ ನಿಂತ ಟೈರು ನೋಡಕ್ಕೆ ಹೊಸದ್ರಂಗೆ ಇದ್ರೂ ಹೈವೇಲಿ ಸಿಡಿಯತ್ತೆ. ಟ್ರೈಲರ್ ಟೈರ್‌ಗಳಲ್ಲಿ ತುಂಬಾ ಜಾತಿಗೆ 65 ಮೈಲಿ ವೇಗದ ಮಿತಿ ಇರತ್ತೆ, ಟೆಕ್ಸಸ್ ಹೈವೇ ಬೋರ್ಡ್ 75 ಅಂದ್ರೂ ನೀವು ಬಲಗಡೆ ಲೇನಲ್ಲಿ 60ರಲ್ಲೇ ಹೋಗಿ.

ಅಪಾಯದ ಸೂಚನೆ: ದಾರೀಲಿ ನಿಲ್ಲಿಸಿದಾಗ ಚಕ್ರದ ಮಧ್ಯದ ಹಬ್ ಹತ್ರ ಕೈ ಒಯ್ದು ನೋಡಿ. ಬೆಚ್ಚಗಿದ್ರೆ ಪರವಾಗಿಲ್ಲ, ಒಂದು ಕಡೆ ಮಾತ್ರ ಕೈ ಇಡಕ್ಕಾಗದಷ್ಟು ಸುಡ್ತಿದ್ರೆ ಬೇರಿಂಗ್ ಅಥವಾ ಬ್ರೇಕ್ ಹೋಗ್ತಿದೆ, ಮುಂದೆ ಎಳೀಬೇಡಿ.

## 5. ಸೈಟ್‌ಗೆ ರಿವರ್ಸ್ ಹೋಗೋದು

ಬೆಳಕಿರೋವಾಗ ತಲುಪಿ, ಇದಕ್ಕಿಂತ ದೊಡ್ಡ ಸಹಾಯ ಬೇರೆ ಇಲ್ಲ. ಪಾಪ್‌ಅಪ್ ತಗ್ಗು, ಚಿಕ್ಕದು, ನೇರ ಇರೋವಾಗ ಕನ್ನಡೀಲಿ ಕಾಣಲ್ಲ, ಕಾಣೋ ಹೊತ್ತಿಗೆ ಆಗ್ಲೇ ಸೊಟ್ಟ ತಿರುಗಿರತ್ತೆ. ಹಿಂದಿನ ಎರಡು ಮೂಲೆಗೆ ಬಣ್ಣದ ಕಡ್ಡಿ ಅಥವಾ ಚಿಕ್ಕ ಬಾವುಟ ಕಟ್ಟಿ. ಸ್ಟಿಯರಿಂಗ್‌ನ ಕೆಳಗಡೆ ಕೈ ಇಡಿ, ಕೈ ಯಾವ ಕಡೆ ಹೋಗತ್ತೋ ಟ್ರೈಲರ್‌ನ ಹಿಂಭಾಗ ಆ ಕಡೆ ಹೋಗತ್ತೆ. ಸ್ವಲ್ಪ ಸ್ವಲ್ಪ ತಿರುಗಿಸಿ, ಜಾಸ್ತಿ ಸೊಟ್ಟ ಆದ್ರೆ ಅಲ್ಲೇ ಸರಿಮಾಡಕ್ಕೆ ಒದ್ದಾಡ್ಬೇಡಿ, ಮುಂದೆ ಹೋಗಿ ನೇರ ಮಾಡ್ಕೊಂಡು ಮತ್ತೆ ಬನ್ನಿ. ಹಿಂದೆ ನಿಂತು ದಾರಿ ಹೇಳೋರು ಒಬ್ರೇ ಇರ್ಲಿ, ಮಾವ ಒಂದು ಕಡೆಯಿಂದ ಮಗ ಇನ್ನೊಂದು ಕಡೆಯಿಂದ ಕೂಗ್ತಿದ್ರೆ ಯಾರ ಮಾತೂ ಕೇಳಕ್ಕಾಗಲ್ಲ. ಹೇಳೋರು ಕನ್ನಡೀಲಿ ಕಾಣಿಸ್ದೇ ಹೋದ್ರೆ ತಕ್ಷಣ ಬ್ರೇಕ್.

ನಿಲ್ಲಿಸೋ ಮೊದಲು ತಲೆ ಎತ್ತಿ ನೋಡಿ, ರೂಫ್ ಮೇಲೇಳೋ ಜಾಗದಲ್ಲಿ ಕೊಂಬೆ ಇದೆಯಾ ಅಂತ. ನೆಲಾನೂ ನೋಡಿ, ಕೆಂಪಿರುವೆ ಗೂಡು ಟೆಕ್ಸಸ್‌ನಲ್ಲಿ ಎಲ್ಲಿ ಬೇಕಾದ್ರೂ ಇರತ್ತೆ, ಕಚ್ಚಿದ್ರೆ ಬೊಕ್ಕೆ ಏಳತ್ತೆ.

## 6. ಬಿಚ್ಚೋದು: ಇಲ್ಲೇ ಎಲ್ರೂ ಎಡವೋದು

ಸುಸ್ತಾಗಿರತ್ತೆ, ಮಕ್ಕಳು ಹಸಿವು ಅಂತಿರ್ತಾರೆ, ನೇರವಾಗಿ ರೂಫ್ ಎತ್ತಕ್ಕೆ ಹೋಗ್ತಾರೆ. ಹಾಗೆ ಮಾಡ್ಬೇಡಿ. ಮೊದಲು ಅವ್ರಿಗೆ ಚುರುಮುರಿನೋ ಬಾಳೆಹಣ್ಣೋ ಕೊಟ್ಟು ಪಿಕ್ನಿಕ್ ಟೇಬಲ್ ಹತ್ರ ಕೂರಿಸಿ, ಆಮೇಲೆ ಹೀಗೆ:

1. ಎಡ ಬಲ ಮಟ್ಟ. ಕಾರು ಇನ್ನೂ ಸೇರ್ಕೊಂಡೇ ಇರ್ಬೇಕು. ತಗ್ಗಿರೋ ಕಡೆ ಚಕ್ರದ ಮುಂದೆ ಬ್ಲಾಕ್ ಇಟ್ಟು ಅದ್ರ ಮೇಲೆ ಹತ್ತಿಸಿ, ಬಬಲ್ ಮಧ್ಯಕ್ಕೆ ಬರೋವರೆಗೂ.

2. ಚಾಕ್. ಎರಡೂ ಚಕ್ರಕ್ಕೆ, ಹಿಂದೆ ಮುಂದೆ, ಒದ್ದು ಬಿಗಿ ಮಾಡಿ. ಇದಾಗೋವರೆಗೂ ಹಿಚ್ ಮುಟ್ಟಬಾರದು. ಚಾಕ್ ಇಲ್ಲದೆ ಕಳಚಿದ್ರೆ ಇಳಿಜಾರಲ್ಲಿ ಕ್ಯಾಂಪರ್ ತಾನೇ ಹೊರಡತ್ತೆ.

3. ಹಿಚ್ ಕಳಚೋದು, ಮುಂದೆ ಹಿಂದೆ ಮಟ್ಟ. ವೈರು, ಚೈನು, ಕಪ್ಲರ್ ಬಿಚ್ಚಿ, ಟಂಗ್ ಜ್ಯಾಕ್ ಇಳಿಸಿ ಕಪ್ಲರನ್ನ ಬಾಲ್ ಮೇಲಿಂದ ಎತ್ತಿ, ಕಾರು ಮುಂದೆ ತಗೊಂಡು, ಮತ್ತೆ ಟಂಗ್ ಜ್ಯಾಕ್ ತಿರುಗಿಸಿ ಮಟ್ಟ ಮಾಡಿ.

4. ಸ್ಟೆಬಿಲೈಸರ್. ನಾಲ್ಕು ಮೂಲೆಯ ಕಾಲುಗಳನ್ನ ಇಳಿಸಿ, ನೆಲಕ್ಕೆ ತಾಗಿ ಸ್ವಲ್ಪ ಬಿಗಿ ಆದ್ರೆ ಸಾಕು. ಇವು ಇರೋದು ಅಲುಗಾಡ್ದೇ ಇರಕ್ಕೆ, ಭಾರ ಎತ್ತಕ್ಕಲ್ಲ. ಕಾರ್ ಜ್ಯಾಕ್ ತರ ಒಂದು ಮೂಲೆ ಎತ್ತಿದ್ರೆ ಫ್ರೇಮ್ ತಿರುಚ್ಕೊಳ್ಳತ್ತೆ, ಆ ತಿರುಚು ಆಮೇಲೆ ಬಾಗಿಲಲ್ಲಿ ಕಾಣಿಸತ್ತೆ.

5. ರೂಫ್. ಮೊದಲು ರೂಫ್ ಲ್ಯಾಚ್ ಎಲ್ಲಾ ತೆಗೆದಿದೀರಾ ಅಂತ ಸುತ್ತ ಒಂದು ರೌಂಡ್ ಹೋಗಿ ಕೈಯಲ್ಲಿ ಮುಟ್ಟಿ ನೋಡಿ. ಒಂದು ಲ್ಯಾಚ್ ಉಳಿದಿದ್ರೂ ಕೇಬಲ್ ಹರಿಯತ್ತೆ, ಅದು ದೊಡ್ಡ ರಿಪೇರಿ. ಕ್ರ್ಯಾಂಕ್ ನಿಧಾನಕ್ಕೆ ತಿರುಗಿಸಿ. ನಾಲ್ಕು ಮೂಲೆನೂ ಒಂದೇ ಸಮ ಏಳ್ಬೇಕು, ಒಂದು ಮೂಲೆ ಹಿಂದೆ ಬಿತ್ತಾ, ಕಟಕಟ ಸದ್ದು ಬಂತಾ, ಕೈಗೆ ಇದ್ದಕ್ಕಿದ್ದಂಗೆ ಭಾರ ಆಯ್ತಾ, ಅಲ್ಲೇ ನಿಲ್ಲಿಸಿ. ಪೂರ್ತಿ ಎತ್ತರಕ್ಕೆ ಬಂದ್ಮೇಲೂ ತಿರುಗಿಸ್ತಾ ಹೋಗೋದು ಕೇಬಲ್ ಹರಿಯಕ್ಕೆ ಇನ್ನೊಂದು ಕಾರಣ, ಮೊದಲನೇ ಸಲ ಸರಿಯಾದ ಎತ್ತರ ಸಿಕ್ಕಾಗ ಎತ್ತೋ ಕಂಬದ ಮೇಲೆ ನೈಲ್ ಪಾಲಿಷಲ್ಲಿ ಒಂದು ಗುರುತು ಹಾಕಿ. ಡ್ರಿಲ್ ಮಷೀನ್ ಸಿಗ್ಸಿ ಎತ್ತೋರನ್ನ ನೋಡಿರ್ತೀರಿ, ನನಗೆ ಅದು ಇಷ್ಟ ಇಲ್ಲ, ಎಲ್ಲಾದ್ರೂ ಸಿಕ್ಕಾಕ್ಕೊಂಡಿದ್ದು ಕೈಗೆ ಗೊತ್ತಾಗತ್ತೆ, ಡ್ರಿಲ್‌ಗೆ ಗೊತ್ತಾಗಲ್ಲ. ಈ ಹೊತ್ತಲ್ಲಿ ಒಳಗೆ ಯಾರೂ ಇರಬಾರದು, ಮಕ್ಕಳಂತೂ ಹತ್ರ ಕೂಡ ಬರಬಾರದು.

6. ಹಾಸಿಗೆ. ಹೊರಗಿಂದ ನಿಧಾನ ಎಳೀರಿ, ಪೂರ್ತಿ ಬಂದ ತಕ್ಷಣ ಕೆಳಗಿನ ಸಪೋರ್ಟ್ ಕಂಬ ಎರಡೂ ಕೊಡಿ, ಆಮೇಲೆ ಒಳಗಿಂದ ಬಟ್ಟೆ ಎತ್ತೋ ಕಮಾನು ನಿಲ್ಲಿಸಿ. ಕಂಬ ಕೊಡೋ ಮೊದ್ಲು ಹತ್ತಿದ್ರೆ ಹಾಸಿಗೆ ಸಮೇತ ಕೆಳಗೆ ಬರ್ತೀರಿ.

7. ಬಟ್ಟೆ ಅಂಚು. ಮಳೇಲಿ ಹಾಸಿಗೆ ಒದ್ದೆ ಆಗೋ ಗುಟ್ಟು ಇಲ್ಲಿದೆ. ಕ್ಯಾನ್ವಾಸಿನ ಕೆಳಗಿನ ಅಂಚು ಹಾಸಿಗೆ ಹಲಗೆಯ ಹೊರಗಡೆಯಿಂದ ಕೆಳಗೆ ಇಳಿದು, ಹಲಗೆಯ ಅಡಿ ಇರೋ ಕೊಕ್ಕೆಗೆ ಎಲಾಸ್ಟಿಕ್ ಸಿಗಿಸ್ಬೇಕು. ಅವಸರದಲ್ಲಿ ಆ ಅಂಚು ಹಲಗೆಗೂ ಗಾದಿಗೂ ಮಧ್ಯೆ ಸೇರ್ಕೊಂಡಿದ್ರೆ ಮೇಲಿಂದ ಹರಿದು ಬಂದ ನೀರು ಸೀದಾ ಗಾದಿ ಕೆಳಗೆ ಹೋಗತ್ತೆ, ಬೆಳಿಗ್ಗೆ ಬೆನ್ನಿಗೆ ತಣ್ಣಗಾದಾಗ್ಲೇ ಗೊತ್ತಾಗೋದು. ಮೂಲೆಗಳಲ್ಲಿ ಕೈ ಹಾಕಿ ಸವರಿ ನೋಡಿ.

8. ಬಾಗಿಲು. ಕೊನೇಗೆ. ಸಿಗ್ತಿಲ್ಲ, ಮೇಲೆ ಸಂದಿ ಇದೆ ಅಂದ್ರೆ ಬಾಗಿಲಿಗೆ ಗುದ್ದಬೇಡಿ. ಬಾಗಿಲ ಹತ್ರದ ಸ್ಟೆಬಿಲೈಸರ್ ಒಂದೆರಡು ಸುತ್ತು ಸಡಿಲ ಮಾಡಿ ಅಥವಾ ಬಿಗಿ ಮಾಡಿ, ಚೌಕಟ್ಟು ಚೌಕ ಆದ ಕ್ಷಣ ಬಾಗಿಲು ತಾನಾಗಿ ಕೂರತ್ತೆ.

ಕಂಪನಿಯಿಂದ ಕಂಪನಿಗೆ ಕೊನೆಯ ಮೂರರಲ್ಲಿ ಹಿಂದುಮುಂದು ಇರತ್ತೆ, ಮ್ಯಾನ್ಯುಯಲ್ ನೋಡ್ಕೊಳ್ಳಿ. ಮೊದಲ ಐದು ಎಲ್ಲೂ ಬದಲಾಗಲ್ಲ.

ವಯಸ್ಸಾದ ಅಪ್ಪ ಅಮ್ಮನಿಗೆ ತುದಿಯ ಹಾಸಿಗೆ ಕೊಡ್ಬೇಡಿ, ಅದು ಎತ್ತರ, ರಾತ್ರಿ ಎದ್ದು ಇಳಿಯೋದು ಕಷ್ಟ. ಊಟದ ಟೇಬಲ್ ಇಳಿಸಿದ್ರೆ ಆಗೋ ಹಾಸಿಗೆ ತಗ್ಗಿರತ್ತೆ, ಬಾಗಿಲಿಗೂ ಹತ್ರ.

## 7. ಕರೆಂಟು

ಸೈಟಲ್ಲಿರೋ ಕರೆಂಟ್ ಪೆಟ್ಟಿಗೆ ತೆರೆಯೋ ಮೊದಲು ಟಾರ್ಚ್ ಬಿಟ್ಟು ನೋಡಿ, ಕೆಂಪಿರುವೆಗಳಿಗೆ ಕರೆಂಟ್ ಪೆಟ್ಟಿಗೆ ಅಂದ್ರೆ ಬಲು ಇಷ್ಟ. ಬ್ರೇಕರ್ ಆಫ್ ಮಾಡಿ, ಸರ್ಜ್ ಪ್ರೊಟೆಕ್ಟರ್ ಒಂದನ್ನೇ ಸಿಗಿಸಿ, ಆನ್ ಮಾಡಿ ಲೈಟ್ ನೋಡಿ. ವೈರಿಂಗ್ ತಪ್ಪಿದೆ ಅಂತ ತೋರಿಸಿದ್ರೆ ಆ ಸೈಟ್ ಬದಲಾಯಿಸ್ಕೊಡಿ ಅಂತ ಆಫೀಸಲ್ಲಿ ಕೇಳಿ. ಸರಿ ಇದ್ರೆ ಮತ್ತೆ ಆಫ್ ಮಾಡಿ, ಕ್ಯಾಂಪರ್ ಕೇಬಲ್ ಹಾಕಿ, ಆಮೇಲೆ ಆನ್.

ಈಗ ಲೆಕ್ಕ. 30 ಆಂಪ್, 120 ವೋಲ್ಟ್, ಗುಣಿಸಿದ್ರೆ 3,600 ವಾಟ್. ರೂಫ್ ಎಸಿ ಓಡೋವಾಗ ಸುಮಾರು 1,500. ಇಂಡಕ್ಷನ್ ಒಲೆ 1,800. ಇವೆರಡಕ್ಕೇ 3,300 ಆಯ್ತು, ಮೇಲೆ ಯಾರೋ ಕಾಫಿಗೆ ಅಂತ 1,500 ವಾಟಿನ ಕೆಟಲ್ ಹಾಕಿದ್ರೆ ಬ್ರೇಕರ್ ಬಿದ್ದೇ ಬೀಳತ್ತೆ. ಅದ್ರಲ್ಲೂ ಒಳಗಿನ ಸಾಕೆಟ್‌ಗಳೆಲ್ಲಾ 15 ಅಥವಾ 20 ಆಂಪಿನ ಒಂದೇ ಸರ್ಕ್ಯೂಟ್ ಮೇಲಿರ್ತವೆ, ಇಂಡಕ್ಷನ್ನು ಇನ್‌ಸ್ಟಂಟ್ ಪಾಟು ಎರಡು ಹಾಕಿದ್ರೂ ಸಾಕು, ಬ್ರೇಕರ್ ಬೀಳತ್ತೆ. ದಾರಿ ಇದೆ: ಹೊರಗಿನ ಪೆಟ್ಟಿಗೇಲಿ 30 ಆಂಪಿನ ಪಕ್ಕ ಸಾಮಾನ್ಯವಾಗಿ ಮಾಮೂಲಿ 20 ಆಂಪ್ ಸಾಕೆಟ್ ಬೇರೆ ಇರತ್ತೆ. 12 ಗೇಜ್ ಕಾರ್ಡ್ ಅದಕ್ಕೆ ಹಾಕಿ ಪಿಕ್ನಿಕ್ ಟೇಬಲ್‌ಗೆ ತಂದು ಅಡುಗೆ ಅಲ್ಲೇ ಮಾಡಿ, ಮಳೆ ಇಲ್ಲದಾಗ ಮಾತ್ರ. ತೆಳು ಕಾರ್ಡ್ ಬಿಸಿಯಾಗಿ ಕರಗತ್ತೆ, ಪ್ಲಗ್ ಮುಟ್ಟಿದಾಗ ಬಿಸಿ ಅನ್ಸಿದ್ರೆ ತೆಗೀರಿ.

## 8. ನೀರು, ಅಡುಗೆ

ನಲ್ಲಿಗೆ ಮೊದಲು ರೆಗ್ಯುಲೇಟರ್, ಆಮೇಲೆ ಹೋಸು. ಸಿಂಕಿನ ನೀರು ಬಹಳಷ್ಟು ಪಾಪ್‌ಅಪ್‌ಗಳಲ್ಲಿ ಟ್ಯಾಂಕಿಗೆ ಹೋಗಲ್ಲ, ಪಕ್ಕದ ತೂತಿಂದ ಆಚೆ ಬರತ್ತೆ. ಅದನ್ನ ನೆಲಕ್ಕೆ ಬಿಡಬಾರದು, ನಿಮ್ಮ ಟ್ಯಾಂಕಲ್ಲಿ ಹಿಡಿದು ಡಂಪ್ ಸ್ಟೇಷನ್ನಿಗೆ (ಪಾರ್ಕಲ್ಲಿ ಕೊಳಕು ನೀರು ಸುರಿಯಕ್ಕಿರೋ ಜಾಗ) ಹಾಕಿ. ಸಾಂಬಾರಿನ ಪಾತ್ರೆ ಹಾಗೇ ತೊಳೆದ್ರೆ ಆ ಸಣ್ಣ ಪೈಪು ಕಟ್ಕೊಳ್ಳತ್ತೆ, ಮೊದಲು ಪೇಪರ್ ಟವೆಲಲ್ಲಿ ಒರೆಸಿ ಕಸಕ್ಕೆ ಹಾಕಿ.

ಒಗ್ಗರಣೆ ಒಳಗೆ ಬೇಡವೇ ಬೇಡ. ಸಾಸಿವೆ ಇಂಗು ಒಣಮೆಣಸಿನ ಹೊಗೆ, ಎಣ್ಣೆ ಪಸೆ ಬಟ್ಟೆಗೆ ಹಿಡಿದ್ರೆ ಹೋಗಲ್ಲ, ಬಾಡಿಗೆ ಕ್ಯಾಂಪರ್ ಆದ್ರೆ ಡಿಪಾಸಿಟ್ಟಿಗೆ ಕತ್ತರಿ. ತುಂಬಾ ಮಾಡಲ್‌ಗಳಲ್ಲಿ ಗ್ಯಾಸ್ ಒಲೆ ಕಿತ್ತು ಹೊರಗಡೆ ಗೋಡೆಗೆ ಸಿಗಿಸೋ ವ್ಯವಸ್ಥೆ ಇರತ್ತೆ, ಅದನ್ನ ಬಳಸಿ. ಸಿಗಿಸಿದ್ಮೇಲೆ ಜಾಯಿಂಟಿಗೆ ಸೋಪು ನೀರು ಹಚ್ಚಿ, ಗುಳ್ಳೆ ಬಂದ್ರೆ ಗ್ಯಾಸ್ ಸೋರ್ತಿದೆ. ಚಟ್ನಿ ಮನೇಲೇ ರುಬ್ಬಿ ತನ್ನಿ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೂ ಪಾರ್ಕಲ್ಲಿ ಸದ್ದು ಮಾಡಂಗಿಲ್ಲ. ಕೊಟ್ಟಿರೋ ಫೈರ್ ರಿಂಗ್ ಬಿಟ್ಟು ಬೇರೆ ಕಡೆ ಬೆಂಕಿ ಬೇಡ, ಬರ್ನ್ ಬ್ಯಾನ್ (ಬೆಂಕಿ ಹಚ್ಚಬಾರದು ಅನ್ನೋ ಆದೇಶ) ಇದೆಯಾ ಅಂತ ಗೇಟಲ್ಲೇ ಕೇಳಿ. ಕಾಡಿನ ಕಟ್ಟಿಗೆ ಆರಿಸೋದೂ ತಪ್ಪು.

ಜೀವದ ಪ್ರಶ್ನೆ: ಚಳಿ ಅಂತ ಇದ್ದಲು ಒಲೆ, ಬಾರ್ಬೆಕ್ಯೂ, ಗ್ಯಾಸ್ ಒಲೆ ಯಾವುದನ್ನೂ ಒಳಗೆ ಹೊತ್ತಿಸಿ ಮಲಗಬೇಡಿ. ಗೋಡೆ ಬಟ್ಟೆದೇ ಆದ್ರೂ ಕಾರ್ಬನ್ ಮೊನಾಕ್ಸೈಡ್ ತುಂಬ್ಕೊಳ್ಳತ್ತೆ, ವಾಸನೆ ಬರಲ್ಲ. ಕ್ಯಾಂಪರಿನ ಕಾರ್ಬನ್ ಮೊನಾಕ್ಸೈಡ್ ಅಲಾರಾಂ ಬಟನ್ ಒತ್ತಿ ಸದ್ದು ಬರತ್ತಾ ನೋಡಿ, ಬರ್ಲಿಲ್ಲ ಅಂದ್ರೆ ಹೊಸದು ತಂದು ಆಮೇಲೆ ಮಲಗಿ.

## 9. ರಾತ್ರಿ, ಮಳೆ, ಗಾಳಿ

ತಿಂಡಿ ಎಲ್ಲಾ ಕಾರೊಳಗೆ. ರಕೂನ್‌ಗಳಿಗೆ ಬಟ್ಟೆ ಗೋಡೆ ಲೆಕ್ಕಕ್ಕಿಲ್ಲ, ಕೂಲರ್ ಮುಚ್ಚಳ ಕೂಡ ತೆಗೀತವೆ. ಕಿಟಕಿ ಜಿಪ್ ಎರಡು ಕಡೆ ಒಂದಿಷ್ಟು ತೆರೆದಿಡಿ, ಇಲ್ದಿದ್ರೆ ಎಲ್ಲರ ಉಸಿರೂ ನೀರಾಗಿ ಬೆಳಿಗ್ಗೆ ಒಳಗಡೆಯಿಂದ್ಲೇ ತೊಟ್ಟಿಕ್ಕತ್ತೆ. ಮೆಕಿನಿ ಫಾಲ್ಸ್ ಏರ್‌ಪೋರ್ಟ್ ಹತ್ರ ಇರೋದ್ರಿಂದ ವಿಮಾನದ ಸದ್ದು ಕೇಳಿಸತ್ತೆ, ನಿದ್ದೆ ಸೂಕ್ಷ್ಮ ಇರೋರು ಇಯರ್‌ಪ್ಲಗ್ ತನ್ನಿ.

ಮಲಗೋ ಮೊದಲು ಆನಿಂಗ್ (ಬಾಗಿಲ ಕಡೆ ನೆರಳಿಗೆ ಚಾಚೋ ಬಟ್ಟೆ ಚಪ್ಪರ) ಸುತ್ತಿಡಿ, ಆಕಾಶ ಎಷ್ಟು ಚೆನ್ನಾಗಿದ್ರೂ ಸರಿ. ಅದ್ರ ಮೇಲೆ ನೀರು ನಿಂತ್ರೆ ಕಂಬಿ ಬಗ್ಗತ್ತೆ, ಗಾಳಿ ಹೊಕ್ರೆ ಕಿತ್ತೇ ಹೋಗತ್ತೆ. ಗುಡುಗು ಗಾಳಿ ಎಚ್ಚರಿಕೆ ಫೋನಿಗೆ ಬಂದ್ರೆ ಕ್ಯಾಂಪರ್ ಒಳಗೆ ಕೂರ್ಬೇಡಿ, ಕಲ್ಲು ಗೋಡೆ ಇರೋ ರೆಸ್ಟ್‌ರೂಮ್ ಕಟ್ಟಡಕ್ಕೆ ಹೋಗಿ, ಅದು ದೂರ ಇದ್ರೆ ಕಾರಿಗೆ. ಮೆಕಿನಿ ಫಾಲ್ಸ್ ಇರೋದು ಆನಿಯನ್ ಕ್ರೀಕ್ ಮೇಲೆ, 2013ರ ಅಕ್ಟೋಬರ್ ಕೊನೇಲಿ ಮತ್ತೆ 2015ರ ಅಕ್ಟೋಬರ್ ಕೊನೇಲಿ ಆ ಹಳ್ಳ ಉಕ್ಕಿ ದೊಡ್ಡ ಅನಾಹುತನೇ ಆಗಿದೆ. ನೀವಿರೋ ಕಡೆ ಮಳೆ ಬರ್ದೇ ಇದ್ರೂ ಮೇಲ್ಗಡೆ ಬಂದ್ರೆ ನೀರು ಏರತ್ತೆ. ಫ್ಲ್ಯಾಶ್ ಫ್ಲಡ್ ವಾರ್ನಿಂಗ್ ಬಂದ್ರೆ, ರೇಂಜರ್ ಹೊರಡಿ ಅಂದ್ರೆ, ಕ್ಯಾಂಪರ್ ಅಲ್ಲೇ ಬಿಟ್ಟು ಜನ ಹೊರಡಿ. ರಸ್ತೆ ಮೇಲೆ ನೀರು ಹರೀತಿದ್ರೆ ಕಾರು ಇಳಿಸ್ಬೇಡಿ.

## 10. ಮಡಚೋದು

ಚೆಕ್‌ಔಟ್ ಮಧ್ಯಾಹ್ನ ಇದ್ರೂ ಒಂಬತ್ತಕ್ಕೆಲ್ಲಾ ಶುರು ಮಾಡಿ, ಇಬ್ಬನಿ ಆರಕ್ಕೆ ಟೈಮ್ ಬೇಕು. ನೀರು ಕರೆಂಟ್ ಕಳಚಿ, ಗ್ಯಾಸ್ ಸಿಲಿಂಡರ್ ವಾಲ್ವ್ ಮುಚ್ಚಿ. ಕೌಂಟರ್ ಮಡಚೋದಿದ್ರೆ ಮಡಚಿ, ಗಾದಿ ಮೇಲೆ ದಿಂಬು ಕಂಬಳಿ ಗುಡ್ಡೆ ಹಾಕ್ಬೇಡಿ, ರೂಫ್ ಕೂರಲ್ಲ. ಬಾಗಿಲು ಮೇಲೆತ್ತಿ ರೂಫಿಗೆ ಸಿಗಿಸಿದ್ಮೇಲೆ ಲಾಕ್ ಆಗಿದೆಯಾ ಜಗ್ಗಿ ನೋಡಿ. ಆಮೇಲೆ ಎಲಾಸ್ಟಿಕ್ ಬಿಚ್ಚಿ, ಹಾಸಿಗೆ ಒಳಗೆ ತಳ್ಳಿ, ಬಟ್ಟೆನ ಒಳಗಡೆಗೆ ಮಡಚಿ.

ರೂಫ್ ಇಳಿಸೋವಾಗ ಕ್ರ್ಯಾಂಕ್ ಕೈ ಬಿಡ್ಬೇಡಿ. ಅರ್ಧ ಇಳಿಸಿ, ಸುತ್ತ ಹೋಗಿ ಹೊರಗೆ ಬಂದಿರೋ ಬಟ್ಟೆ ಎಲ್ಲಾ ಒಳಗೆ ಸೇರಿಸಿ, ಇನ್ನೊಂದಿಷ್ಟು ಇಳಿಸಿ, ಮತ್ತೆ ಸುತ್ತು ಹೊಡೀರಿ. ರೂಫಿಗೂ ಡಬ್ಬಕ್ಕೂ ಮಧ್ಯೆ ಸಿಕ್ಕ ಬಟ್ಟೆ ದಾರೀಲೆಲ್ಲಾ ಉಜ್ಜಿ ಉಜ್ಜಿ ಮನೆಗೆ ಬರೋ ಹೊತ್ತಿಗೆ ತೂತು. ಕಿಟಕಿ ಜಿಪ್ ಒಂದು ತೆರೆದಿದ್ರೆ ಒಳಗಿನ ಗಾಳಿ ಹೋಗಿ ಬಟ್ಟೆ ಬಲೂನ್ ತರ ಉಬ್ಬಲ್ಲ. ಲ್ಯಾಚ್ ಎಲ್ಲಾ ಹಾಕಿ, ಸ್ಟೆಬಿಲೈಸರ್ ನಾಲ್ಕೂ ಮೇಲೆತ್ತಿ, ಹಿಚ್ ಮಾಡಿ, ಚಾಕ್ ತೆಗೆಯೋದು ಎಲ್ಲಕ್ಕಿಂತ ಕೊನೇಗೆ.

## 11. ಮನೆಗೆ ಬಂದ್ಮೇಲೆ ಎರಡು ದಿನದೊಳಗೆ

ಒದ್ದೆ ಇದ್ದಾಗ್ಲೇ ಮಡಚಬೇಕಾಗಿ ಬಂದ್ರೆ ಗಾದಿಗೂ ಬಟ್ಟೆಗೂ ಮಧ್ಯೆ ಟವೆಲ್ ಹಾಸಿ ತನ್ನಿ, ಮಾರನೇ ದಿನವೇ ಡ್ರೈವ್‌ವೇಲಿ ಪೂರ್ತಿ ಬಿಚ್ಚಿ ಒಣಗಿಸಿ, ಅದೇ ಕ್ರಮದಲ್ಲಿ, ಚಾಕ್ ಸ್ಟೆಬಿಲೈಸರ್ ಎಲ್ಲಾ ಹಾಕಿ. ಒಂದೆರಡು ದಿನದಲ್ಲೇ ಬೂಷ್ಟು ಶುರುವಾಗತ್ತೆ, ವೀಕೆಂಡ್ ಬರ್ಲಿ ಅಂತ ಕಾಯಬೇಡಿ. ಅಪಾರ್ಟ್‌ಮೆಂಟಲ್ಲಿ ಜಾಗ ಇಲ್ಲದೋರು ಡ್ರೈವ್‌ವೇ ಇರೋ ಸ್ನೇಹಿತರನ್ನ ಹೊರಡೋ ಮೊದ್ಲೇ ಕೇಳಿಟ್ಕೊಂಡಿರಿ. ಮೇಲಿಂದ ಒಣಗಿದಂಗೆ ಕಂಡ್ರೂ ಹೊಲಿಗೆ, ಮೂಲೆ, ವೆಲ್ಕ್ರೋ ಪಟ್ಟಿ ಕೊನೇಗೆ ಒಣಗೋದು, ಅಲ್ಲಿ ಬೆರಳಿಟ್ಟು ನೋಡಿ ಆಮೇಲೆ ಮುಚ್ಚಿ. ಕಪ್ಪು ಚುಕ್ಕೆ ಆಗ್ಲೇ ಬಂದಿದ್ರೆ ಬ್ಲೀಚ್ ಸುರೀಬೇಡಿ, ಬಟ್ಟೆ ಮೇಲಿರೋ ನೀರು ತಡೆಯೋ ಕೋಟಿಂಗ್ ಹೋಗ್ಬಿಡತ್ತೆ, ಬಟ್ಟೆಗೆ ಯಾವುದು ಹಾಕಬಹುದು ಅಂತ ಮ್ಯಾನ್ಯುಯಲ್ ಹೇಳತ್ತೋ ಅದನ್ನೇ ಹಾಕಿ.

ಬಾಡಿಗೆ ಕ್ಯಾಂಪರ್ ಆಗಿದ್ದು ಒದ್ದೆ ಇದ್ದಂಗೇ ವಾಪಸ್ ಕೊಡಬೇಕಾದ್ರೆ ಓನರ್‌ಗೆ ಫೋನ್ ಮಾಡಿ ಹೇಳಿಬಿಡಿ, ಅವತ್ತೇ ತೆಗೆದು ಒಣಗಿಸ್ಕೊಳ್ತಾರೆ. ಮಡಚೋ ಮೊದಲು ನಾಲ್ಕೂ ಕಡೆ ಫೋಟೋ ತೆಗೆದಿಟ್ಕೊಂಡಿದ್ರೆ ಆಮೇಲೆ ಡಿಪಾಸಿಟ್ ವಿಷಯದಲ್ಲಿ ಮಾತು ಬರಲ್ಲ.